ಗುಂಪಿಗೆ ಸೇರದ ಕಾರ್ಡು

ಬಂದವರೆಲ್ಲ ಹೊರಟುಹೋದ ಮಾರನೆಯ ಬೆಳಗ್ಗೆ ನಲ್ಲಿಯಲ್ಲಿ ಎಂದಿನ ಹೊತ್ತಿಗೇ ನೀರು ಬಂತು. ಅತ್ತೆ ಎದ್ದು ಬಕೆಟ್ ಇಟ್ಟರು. ಎದುರು ಮನೆಯವನು ಎಂದಿನಂತೆ ಸ್ಕೂಟರನ್ನು ಒದ್ದು ಒದ್ದು ಚಾಲೂ ಮಾಡಿದ. ಯಾರೂ ನಮಗಾಗಿ ಏನನ್ನೂ ನಿಲ್ಲಿಸಿರಲಿಲ್ಲ.

"ಆಫೀಸಿಗೆ ಹೋಗು" ಎಂದರು ಅತ್ತೆ. "ಇಲ್ಲಿ ಕೂತು ಗೋಡೆ ನೋಡೋದಕ್ಕೆ ನಾನೊಬ್ಬಳು ಸಾಕು."

ತಲೆ ಬಾಚಿಕೊಳ್ಳುತ್ತ ಹಾಲಿಗೆ ಬಂದೆ. ಕಿಟಕಿಯ ಪರದೆಯ ಸರಳು ಒಂದು ಕಡೆ ಮಾತ್ರ ಗೋಡೆಗೆ ಕೂತಿತ್ತು. ಇನ್ನೊಂದು ತುದಿ ಜೋತುಬಿದ್ದಿತ್ತು. ಅದನ್ನು ಹಾಕಲೆಂದೇ ನನ್ನ ಗಂಡ ಕೆಲವು ದಿನ ಮೊದಲೇ ಕೆಳಮನೆಯ ಎಲೆಕ್ಟ್ರಿಷಿಯನ್‌ನಿಂದ ಏಣಿ ಎರವಲು ತಂದಿಟ್ಟಿದ್ದ. ಒಂದು ತುದಿ ಕೂರಿಸುವಷ್ಟರಲ್ಲಿ ಸ್ಕ್ರೂ ಮುಗಿದವು. ನಾಳೆ ತರ್ತೀನಿ ಎಂದ. ಮರುದಿನ ಕೆಲಸದಿಂದ ಬರುವಾಗ ಬಸ್ಸಿಳಿದವನು ರಸ್ತೆಯ ಈಚೆ ಬದಿಗೆ ತಲುಪಲಿಲ್ಲ. ಸ್ಕ್ರೂಗಳ ಪೊಟ್ಟಣ ಅವನ ಜೇಬಿನಲ್ಲಿತ್ತು. ಆಸ್ಪತ್ರೆಯವರು ಅದನ್ನೂ ಗಡಿಯಾರದ ಜೊತೆ ಕೊಟ್ಟರು.

"ಆ ಏಣಿ ವಾಪಸ್ ಕೊಟ್ಟುಬಿಡು. ಪಾಪ, ಆತ ಕೇಳೋಕೆ ನಾಚಿಕೊಂಡು ಮೇಜಿನ ಮೇಲೆ ಸ್ಟೂಲ್ ಇಟ್ಟು ಹತ್ತುತಿದಾನಂತೆ" ಎಂದರು ಅತ್ತೆ.

"ಕೆಲಸ ಅರ್ಧ ಆಗಿದೆ" ಎಂದೆ.

ಅತ್ತೆ ನನ್ನನ್ನು ನೋಡಿದರು, ಏಣಿಯನ್ನು ನೋಡಿದರು, ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ನಾನು ಕೆಲಸ ಮಾಡುವುದು ಒಂದು ದೊಡ್ಡ ಅಂಗಡಿ ಸರಣಿಯ ಆಫೀಸಿನಲ್ಲಿ. ನಮ್ಮ ಅಂಗಡಿಗಳಲ್ಲಿ ಕೊಳ್ಳುವವರಿಗೆಲ್ಲ ಒಂದು ಕಾರ್ಡು ಇರುತ್ತದೆ. ಯಾರು ಏನು ಕೊಂಡರು ಎಂಬುದೆಲ್ಲ ಆ ಕಾರ್ಡಿನ ಲೆಕ್ಕಕ್ಕೆ ಬಂದು ಸೇರುತ್ತದೆ. ಹೆಸರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಕಾರ್ಡಿನ ಸಂಖ್ಯೆ ಮಾತ್ರ. ಒಬ್ಬೊಬ್ಬ ಗ್ರಾಹಕನಿಗೂ ನೂರಾರು ಅಂಕಣ. ಅಷ್ಟನ್ನು ಯಾರೂ ಓದಲಾರರು. ಅದಕ್ಕೇ ನಾನೊಂದು ನ್ಯೂರಲ್ ನೆಟ್‌ವರ್ಕ್ ಕಟ್ಟಿದ್ದೆ. ಆ ಜಾಲ ಗ್ರಾಹಕನ ಅಂಕಣಗಳನ್ನೆಲ್ಲ ಒಳಗೆಳೆದುಕೊಂಡು, ಮರಳುಗಡಿಯಾರದ ನಡುವಿನಂಥ ಕಿರಿದಾದ ಜಾಗದಲ್ಲಿ ಕೆಲವೇ ಅಂಕಿಗಳಾಗಿ ಹಿಂಡುತ್ತದೆ. ಆಮೇಲೆ ಆ ಕೆಲವೇ ಅಂಕಿಗಳಿಂದ ಇಡೀ ಗ್ರಾಹಕನನ್ನು ಮತ್ತೆ ಬರೆಯುತ್ತದೆ. ಒಳಗೆ ಹೋದವನೂ ಹೊರಗೆ ಬಂದವನೂ ಹೆಚ್ಚುಕಡಿಮೆ ಒಬ್ಬನೇ ಆಗಿದ್ದರೆ ಆ ಅಂಕಿಗಳು ಸಾಕು ಎಂದರ್ಥ. ಇಬ್ಬರ ನಡುವಿನ ಅಂತರಕ್ಕೆ ನಾವು ತಪ್ಪು ಎನ್ನುತ್ತೇವೆ.

ಹಾಗೆ ಹಿಂಡಿದ ಮೇಲೆ ಒಬ್ಬ ಗ್ರಾಹಕ ಎಂದರೆ ಸ್ಕ್ರೀನಿನ ಮೇಲೆ ಒಂದು ಚುಕ್ಕಿ. ಒಂದೇ ಥರ ಕೊಳ್ಳುವವರು ಹತ್ತಿರ ಹತ್ತಿರ ಬರುತ್ತಾರೆ. ಅಲ್ಲಲ್ಲಿ ಗುಂಪು ಕಟ್ಟುತ್ತದೆ. ಗುಂಪಿಗೊಂದು ಹೆಸರಿಟ್ಟು ಮಾರಾಟ ವಿಭಾಗಕ್ಕೆ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಅವಸರದವರು, ರಿಯಾಯಿತಿ ಕಾಯುವವರು, ವಾರಕ್ಕೊಮ್ಮೆ ಬರುವವರು, ಪುಟ್ಟ ಮಗುವಿನ ಮನೆ.

ಪಕ್ಕದ ಕುರ್ಚಿಯ ಹುಡುಗನಿಗೆ ಆಫೀಸಿನಲ್ಲಿ ಪುಕ್ಕಟೆ ಎಂದು ಹೆಸರು. ಕಂಪನಿಗಳು ಕಳಿಸುವ ಮಾದರಿ ಬಿಸ್ಕತ್ತುಗಳನ್ನೆಲ್ಲ ಅವನೇ ಮುಗಿಸುತ್ತಾನೆ. ಅವತ್ತು ನನ್ನನ್ನು ಕಂಡು ಬಾಯಲ್ಲಿದ್ದುದನ್ನು ನುಂಗಿ ಎದ್ದು ನಿಂತ.

"ಅಕ್ಕಾ, ಏನು ಹೇಳಬೇಕೋ ಗೊತ್ತಾಗ್ತಿಲ್ಲ."

"ಹೇಳಬೇಡ. ಕೂತ್ಕೋ."

ಕೂತ. ಬಿಸ್ಕತ್ತಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದ. ಅದು ಅವನ ಕೈಯಲ್ಲಾಗುವ ದೊಡ್ಡ ತ್ಯಾಗ.

ಅವನು ಟೀ ಕುಡಿಯಲು ಹೋದಾಗ ಪರ್ಸಿನಿಂದ ನನ್ನ ಗಂಡನ ಕಾರ್ಡು ತೆಗೆದೆ. ಅದೂ ಆಸ್ಪತ್ರೆಯವರು ಕೊಟ್ಟ ಲಕೋಟೆಯಲ್ಲೇ ಇತ್ತು. ಸಂಖ್ಯೆ ಒತ್ತಿದೆ. ಸ್ಕ್ರೀನಿನ ಮೇಲೆ, ಎಲ್ಲ ಗುಂಪುಗಳ ಆಚೆ, ಬರಿದಾದ ಜಾಗದಲ್ಲಿ ಒಂದು ಚುಕ್ಕಿ ಬೆಳಗಿತು.

ಇದ್ದಾನೆ ಎನ್ನಿಸಿತು. ತಲೆ ಕೆಟ್ಟವರಿಗೆ ಅನ್ನಿಸುವಂಥದ್ದೇ. ಆದರೂ ಅನ್ನಿಸಿತು. ಅವನು ಕೆಲಸ ಮಾಡುತ್ತಿದ್ದ ಗ್ರಂಥಾಲಯದವರು ಅವನ ಮೇಜನ್ನು ಆಗಲೇ ಬೇರೆಯವನಿಗೆ ಕೊಟ್ಟಿದ್ದರು. ಬ್ಯಾಂಕಿನವರು ಪಾಸ್‌ಬುಕ್ಕಿನ ಮೇಲೆ ಮುದ್ರೆ ಒತ್ತಿದ್ದರು. ಪರಿಚಯದವರು ಮಾತಿನ ನಡುವೆ 'ಇದ್ದ' ಎನ್ನಲು ಕಲಿತುಬಿಟ್ಟಿದ್ದರು. ಸುದ್ದಿ ತಲುಪದೆ ಉಳಿದದ್ದು ನನ್ನ ಜಾಲಕ್ಕೆ ಮಾತ್ರ.

ಜಾಲಕ್ಕೆ ಅವನು ಅರ್ಥವೇ ಆಗಿರಲಿಲ್ಲ. ಅವನು ಗ್ರಂಥಾಲಯದಲ್ಲಿ ಹರಿದ ಪುಸ್ತಕ ಹೊಲಿಯುತ್ತಿದ್ದ. ಪುಸ್ತಕದ ಬೆನ್ನಿಗೆ ಅಂಟಿಸಲು ಬ್ಯಾಂಡೇಜಿನ ಗಾಜ್ ಬಟ್ಟೆ, ಒಂದಕ್ಕೊಂದು ಅಂಟಿಕೊಂಡ ಹಾಳೆಗಳ ನಡುವೆ ಉದುರಿಸಲು ಮಗುವಿನ ಪೌಡರ್, ದಾರಕ್ಕೆ ತಿಕ್ಕಲು ಮೇಣದಬತ್ತಿ. ಎಲ್ಲವನ್ನೂ ನಮ್ಮ ಅಂಗಡಿಯಲ್ಲೇ ಕೊಳ್ಳುತ್ತಿದ್ದ. ಯಾರೋ ಏನೋ ತಾಪತ್ರಯ ಹೇಳಿಕೊಂಡರೆಂದು ಮೀನಿನ ಗಾಳ, ಕೂದಲಿನ ಬಣ್ಣ. ಒಂದು ಸಲ ಊರುಗೋಲಿನ ತುದಿಗೆ ಹಾಕುವ ರಬ್ಬರ್. ನಮ್ಮ ಮನೆಯಲ್ಲಿ ಊರುಗೋಲಿಲ್ಲ. ಜಾಲ ಇದನ್ನೆಲ್ಲ ಒಳಗೆಳೆದುಕೊಂಡು ತಬ್ಬಿಬ್ಬಾಗಿ, ತನಗೆ ತೋಚಿದಂತೆ ಒಬ್ಬನನ್ನು ಬರೆದಿತ್ತು. ಆ ಒಬ್ಬನಿಗೆ ಸದಾ ಗಾಯ. ಆ ಒಬ್ಬನ ಮನೆಯಲ್ಲಿ ಮಗು. ನನ್ನ ಗಂಡ ಎಂದೂ ಕೊಳ್ಳದ ಡಯಾಪರನ್ನು ಜಾಲ ಅವನ ಹೆಸರಿಗೆ ಬರೆದಿತ್ತು. ಪೌಡರ್ ಕೊಳ್ಳುವವರು ಡಯಾಪರ್ ಕೊಳ್ಳುತ್ತಾರೆ ಎಂಬುದಷ್ಟೇ ಅದಕ್ಕೆ ಗೊತ್ತು. ನಮಗೆ ಮಕ್ಕಳಿಲ್ಲ.

ಅದೇ ವಾರ ಮಾರಾಟ ವಿಭಾಗದ ಮೇಡಂ ನನ್ನನ್ನೂ ಪುಕ್ಕಟೆಯನ್ನೂ ಕರೆದರು.

"ಗುಂಪುಗಳು ಕಲಸಿಹೋಗಿವೆ. ಯಾರಿಗೆ ಏನು ಕಳಿಸಬೇಕೋ ತಿಳಿಯಲ್ಲ. ತಿಂಗಳ ಕೊನೆಗೆ ಜಾಲಕ್ಕೆ ಹೊಸದಾಗಿ ಕಲಿಸಿ. ಅದಕ್ಕೆ ಮುಂಚೆ ಕಸ ಗುಡಿಸಿ."

"ಕಸ ಅಂದರೆ?" ಎಂದೆ.

"ಸುಮ್ಮನೆ ಬಿದ್ದಿರೋ ಕಾರ್ಡುಗಳು ಹೊರಗೆ. ನಿಮ್ಮ ತಪ್ಪಿನ ಲೆಕ್ಕ ಇದೆಯಲ್ಲ, ಅದರಲ್ಲಿ ಮಿತಿ ಮೀರಿದವರೂ ಹೊರಗೆ. ಜಾಲಕ್ಕೇ ಅರ್ಥವಾಗದವರಿಗೆ ನಾನೇನು ಮಾರಲಿ?"

"ಹುಚ್ಚರೆಲ್ಲ ಹೊರಗೆ ಅನ್ನಿ" ಎಂದ ಪುಕ್ಕಟೆ.

"ಹುಚ್ಚರಿಗೂ ನೀನು ಬಿಸ್ಕತ್ತು ಬಿಟ್ಟರೆ ಮಾರಬಹುದು" ಎಂದರು ಮೇಡಂ. ಅವನು ನಕ್ಕ.  ಮೇಡಂ ಹೇಳಿದ ಎರಡು ಕಸದಲ್ಲೂ ನನ್ನ ಗಂಡನಿದ್ದ.

ಅವತ್ತು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಹೋದೆ. ಬ್ರೆಡ್ಡು ಮತ್ತು ಸೋಪು ತೆಗೆದುಕೊಂಡು ಅವನ ಕಾರ್ಡು ಕೊಟ್ಟೆ. ಯಂತ್ರ ಕೀಂ ಎಂದಿತು. ಕಾರ್ಡು ಸುಮ್ಮನಿಲ್ಲ ಎಂದು ಎಲ್ಲೋ ದಾಖಲಾಯಿತು. 

ಆದರೆ ಬ್ರೆಡ್ಡು, ಸೋಪಿನಿಂದ ತಪ್ಪು ಇಳಿಯಲಿಲ್ಲ. ಅವನು ಹಿಂದೆ ಕೊಂಡದ್ದೆಲ್ಲ ಹಾಗೇ ಎದ್ದು ನಿಂತಿತ್ತು. ಒಳ್ಳೆಯ ಗ್ರಾಹಕನಂತೆ ಕೊಳ್ಳಬೇಕಿತ್ತು, ಯಾವುದಾದರೊಂದು ಗುಂಪಿನವನಂತೆ. ಯಾವ ಗುಂಪು ಹತ್ತಿರ ಎಂದು ಲೆಕ್ಕ ಹಾಕಿದೆ. ಉತ್ತರ ಬಂತು. ಮತ್ತೆ ಹಾಕಿದೆ. ಅದೇ ಬಂತು. ಪುಟ್ಟ ಮಗುವಿನ ಮನೆ.

ಡಯಾಪರ್ ಕೊಂಡೆ. ಕೌಂಟರಿನ ಹೆಂಗಸು "ಎಷ್ಟು ತಿಂಗಳ ಕೂಸು?" ಎಂದು ಕೇಳಿದಳು. ಬಾಯಿಗೆ ಬಂದದ್ದು ಹೇಳಿದೆ. "ಹಾಗಾದ್ರೆ ಈ ಸೈಜು ದೊಡ್ಡದಾಯ್ತು" ಎಂದು ಅವಳೇ ಎದ್ದು ಹೋಗಿ ಬೇರೆ ತಂದುಕೊಟ್ಟಳು. ಅಷ್ಟು ಒಳ್ಳೆಯವಳು. ಇನ್ನೊಂದು ದಿನ ಹಾಲುಪುಡಿ ಕೊಂಡೆ. ಮತ್ತೊಂದು ದಿನ ಒರೆಸುವ ಒದ್ದೆ ಹಾಳೆಗಳು, ಹಲ್ಲು ಬರುವ ಮಕ್ಕಳು ಕಚ್ಚುವ ರಬ್ಬರ್ ಉಂಗುರ. ಮನೆಗೆ ತಂದು ಬೀರುವಿನಲ್ಲಿ ಅವನ ಅಂಗಿಗಳ ಹಿಂದೆ ಇಟ್ಟೆ. ಬೆಳಗ್ಗೆ ಆಫೀಸಿಗೆ ಹೋದ ಕೂಡಲೇ ಚುಕ್ಕಿ ನೋಡುತ್ತಿದ್ದೆ. ಅದು ಜರುಗುತ್ತಿತ್ತು. ಬರಿದಾದ ಜಾಗ ಬಿಟ್ಟು ದಿನಾ ಒಂದಿಷ್ಟು ಗುಂಪಿನ ಕಡೆಗೆ. ಅವನು ನಡೆದು ಬರುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ರಸ್ತೆಯ ಈಚೆ ಬದಿಗೆ.

ಈ ಮಧ್ಯೆ ಅತ್ತೆ ಬದಲಾದರು. ನಾನು ಬಕೆಟ್ಟಿಗೆ ಕೈ ಹಾಕಿದರೆ "ಬಿಡು, ನಾನೆತ್ತುತೀನಿ" ಎನ್ನುತ್ತಿದ್ದರು. ಹಣ್ಣು ಸುಲಿದು ತಟ್ಟೆಯಲ್ಲಿಟ್ಟು ಮುಂದೆ ಕೂತು ತಿನ್ನುವವರೆಗೆ ಏಳುತ್ತಿರಲಿಲ್ಲ. ಮಗ ಹೋದ ಮೇಲೆ ಒಂದು ದಿನವೂ ತಲೆಗೆ ಎಣ್ಣೆ ಹಚ್ಚದಿದ್ದವರು ಒಂದು ಬೆಳಗ್ಗೆ ಹಚ್ಚಿಕೊಂಡು ಬಾಚಿಕೊಂಡಿದ್ದರು. ದುಃಖ ಅವರಿಗೆ ಕಡಿಮೆಯಾಗುತ್ತಿದೆ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ರಜೆಯ ದಿನ ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು.

"ನೀನೇ ಹೇಳ್ತೀಯ ಅಂತ ಕಾದೆ" ಎಂದರು. "ಹೇಳೋ ಹಾಗೆ ಕಾಣಲಿಲ್ಲ. ನನಗೇನು ಕಣ್ಣಿಲ್ವಾ?"

"ಏನು ಅತ್ತೆ?"

"ಅವನ ಅಂಗಿ ಬಿಸಿಲಿಗೆ ಹಾಕೋಣ ಅಂತ ಬೀರು ತೆಗೆದೆ." ಅವರು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. "ಎಷ್ಟನೇ ತಿಂಗಳು?"

ನನ್ನ ಕೈಯಲ್ಲಿ ಟವೆಲ್ ಇತ್ತು. ಅದನ್ನು ಮಡಚಿದೆ. ಬಿಚ್ಚಿದೆ.

"ಮೊದಲೇ ಎಲ್ಲ ತಂದಿಡಬಾರದು, ಪೆದ್ದೀ. ಆದ ಮೇಲೆ ತಂದರಾಯ್ತು. ಅದೂ ಆ ಪುಡಿ ಯಾಕೆ? ನಿನಗೇ ಹಾಲಿರತ್ತೆ. ಅವನಿಗೆ ನಾನು ಎರಡು ವರ್ಷ ಕುಡಿಸಿದೀನಿ, ಬಿಡಿಸೋಕೆ ಸಾಕುಸಾಕಾಯ್ತು." ಅತ್ತೆ ನಗುತ್ತಿದ್ದರು. ಆ ಮುಖ ನಾನು ನೋಡಬಾರದಿತ್ತು.

"ಇಲ್ಲ ಅತ್ತೆ."

"ಏನಿಲ್ಲ?"

"ಅಂಥದ್ದೇನೂ ಇಲ್ಲ."

"ಹಾಗಾದ್ರೆ ಅದೆಲ್ಲ ಯಾರಿಗೆ?"

ಹೇಳಿದೆ. ಕಾರ್ಡು, ಚುಕ್ಕಿ, ಗುಂಪು, ತಿಂಗಳ ಕೊನೆ. ಹೇಳುತ್ತ ಹೇಳುತ್ತ ನನಗೇ ಕೇಳಿಸುತ್ತಿತ್ತು, ನಾನು ಏನು ಹೇಳುತ್ತಿದ್ದೇನೆ ಎಂದು. ಅವರು ತಡೆಯದೆ ಕೇಳಿದರು. ಮೊಣಕಾಲಿನ ಮೇಲಿದ್ದ ಕೈ ಯಾವಾಗಲೋ ಹೋಗಿತ್ತು.

"ಕಾರ್ಡಿಗೆ" ಎಂದರು.

"ಹೌದು."

"ನನ್ನ ಮಗನಿಗೆ ನಾನು ಲಂಗೋಟಿ ಕಟ್ಟಿದೀನಿ. ಈಗ ನೀನು ಕಟ್ತಿದೀಯ."

ಟವೆಲನ್ನು ಪಕ್ಕಕ್ಕಿಟ್ಟೆ.

"ನಾಲ್ಕು ದಿನ" ಎಂದರು ಅತ್ತೆ. "ನಾಲ್ಕು ದಿನ ನಾನು ಹೆಸರು ಹುಡುಕ್ತಾ ಇದ್ದೆ ಕಣೇ."

ಎದ್ದು ಅಡುಗೆಮನೆಗೆ ಹೋದರು. ಪಾತ್ರೆ ತೊಳೆಯುವ ಸದ್ದು ಬಂತು. ತೊಳೆಯುವ ಪಾತ್ರೆಗಳೇನೂ ಇರಲಿಲ್ಲ, ಅವನ್ನು ಬೆಳಗ್ಗೆ ನಾನೇ ತೊಳೆದಿಟ್ಟಿದ್ದೆ.

ಮರುದಿನ ಜಾಲ ಹೊಸದಾಗಿ ಕಲಿತು ಮುಗಿಸಿತ್ತು. ಗುಂಪುಗಳು ಬೇರೆ ಬೇರೆಯಾಗಿ ಅಚ್ಚುಕಟ್ಟಾಗಿ ಕೂತಿದ್ದವು. ಮೇಡಂಗೆ ಸಂತೋಷವಾಗಿತ್ತು. ಪುಕ್ಕಟೆ ತನ್ನ ಸ್ಕ್ರೀನಿನಲ್ಲಿ ಹಳೆಯ ತಪ್ಪಿನ ಲೆಕ್ಕಕ್ಕೂ ಹೊಸದಕ್ಕೂ ತಾಳೆ ನೋಡುತ್ತಿದ್ದ.

"ಅಕ್ಕಾ, ಇಲ್ಲಿ ನೋಡಿ. ಇವನು ನಮ್ಮ ಪಟ್ಟಿಯಲ್ಲೇ ದೊಡ್ಡ ಹುಚ್ಚ ಆಗಿದ್ದ. ಗಾಜ್ ಬಟ್ಟೆಯಂತೆ, ಮೇಣದಬತ್ತಿಯಂತೆ, ಗಾಳವಂತೆ. ಇವನನ್ನ ನೋಡಿದ್ರೆ ನನಗೆ ಒಂಥರಾ ಪ್ರೀತಿ. ಯಾರಪ್ಪಾ ಇವನು, ಒಂದು ಸಲ ಸಿಗಬೇಕು ಅನ್ಸೋದು." ಅವನು ಬಿಸ್ಕತ್ತು ಮುರಿದ. "ಈಗ ನೋಡಿ, ಸರಿಹೋಗಿಬಿಟ್ಟಿದಾನೆ. ತಪ್ಪು ಹತ್ತಿರಹತ್ತಿರ ಸೊನ್ನೆ. ಮಗು ಆಗಿದೆ ಪಾಪ. ಮುಗೀತು ಅವನ ಕಥೆ."

ನಾನು ಅವನ ಕುರ್ಚಿಯ ಹಿಂದೆ ನಿಂತೆ. ಎಡಗಡೆ ಒಳಗೆ ಹೋದದ್ದು, ಬಲಗಡೆ ಜಾಲ ಬರೆದದ್ದು. ಎರಡೂ ಒಂದೇ. ಡಯಾಪರ್, ಹಾಲುಪುಡಿ, ಬ್ರೆಡ್ಡು, ಸೋಪು. ಗಾಜ್ ಬಟ್ಟೆ ಇದ್ದ ಜಾಗದಲ್ಲಿ ಸೊನ್ನೆಗೆ ತೀರ ಹತ್ತಿರದ ಅಂಕಿ. ಗಾಳ ಇಲ್ಲ. ಊರುಗೋಲಿನ ರಬ್ಬರ್ ಇಲ್ಲ. ಹೊಸದಾಗಿ ಕಲಿಸುವಾಗ ಈಚಿನ ಖರೀದಿಯಷ್ಟೇ ಲೆಕ್ಕಕ್ಕೆ. ಹಳೆಯ ತಿಂಗಳುಗಳು ಜಾರಿಹೋಗಿದ್ದವು, ಜಾರಿದ ಜಾಗವನ್ನು ನಾನು ತುಂಬಿದ್ದೆ. ಜಾಲ ಕೊನೆಗೂ ಅವನನ್ನು ಅರ್ಥ ಮಾಡಿಕೊಂಡಿತ್ತು. ಅಲ್ಲಿ ಅವನಿರಲಿಲ್ಲ.

"ಈ ಗುಂಪಿಗೇ ಮೊದಲ ಸಂದೇಶ" ಎಂದ ಪುಕ್ಕಟೆ. "ಮಧ್ಯಾಹ್ನ ಹೋಗತ್ತೆ. ನಾನೇ ಬರೆದದ್ದು. 'ಮನೆಗೆ ಹೊಸ ಅತಿಥಿ ಬಂದ ಸಂತೋಷಕ್ಕೆ ನಮ್ಮದೊಂದು ಪುಟ್ಟ ಉಡುಗೊರೆ.' ಹೇಗಿದೆ?"

ಸಂದೇಶ ಹೋಗುವ ನನ್ನ ಗಂಡನ ಫೋನು ಅತ್ತೆಯ ದಿಂಬಿನ ಹತ್ತಿರ ಇರುತ್ತದೆ. ದಿನಾ ಚಾರ್ಜಿಗೆ ಹಾಕುತ್ತಾರೆ. ಏನು ಬಂದರೂ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೆ.

ಮೇಡಂ ಕೋಣೆಗೆ ಹೋದೆ. ಓಡಿದೆನೋ ಏನೋ, ಅವರು ತಲೆಯೆತ್ತಿ "ಏನಾಯ್ತು?" ಎಂದರು.

"ಮಗುವಿನ ಮನೆ ಗುಂಪಿನಿಂದ ಒಂದು ಕಾರ್ಡು ತೆಗೀಬೇಕು."

"ಪಟ್ಟಿ ಮುಚ್ಚಿ ಆಯ್ತಲ್ಲ. ಬೆಳಗ್ಗೆ ನಾನೇ ಒಪ್ಪಿದೀನಿ."

"ಒಂದೇ ಒಂದು, ಮೇಡಂ. ಮಧ್ಯಾಹ್ನದೊಳಗೆ."

"ಕಾರಣ ಇಲ್ಲದೆ ಅದು ಬಿಡಲ್ಲ, ನಿಮಗೇ ಗೊತ್ತು." ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ಇವುಗಳಲ್ಲಿ ಯಾವುದು? ಊರು ಬಿಟ್ಟಿದಾರಾ? ಎರಡು ಕಾರ್ಡಾ? ಅವರೇ ಬೇಡ ಅಂದ್ರಾ?"

ಕೊನೆಯ ಸಾಲನ್ನು ಅವರು ಓದಲಿಲ್ಲ. ನಾನು ಓದಿದೆ.

"ತೀರಿಕೊಂಡಿದಾರೆ" ಎಂದೆ.

ಬಾಗಿಲ ಹತ್ತಿರ ಪುಕ್ಕಟೆ ನಿಂತಿದ್ದ. ನನ್ನ ಹಿಂದೆಯೇ ಬಂದಿದ್ದನೆಂದು ಕಾಣುತ್ತದೆ. "ಹೋದ ವಾರ ಡಯಾಪರ್ ತಗೊಂಡಿದಾನಲ್ಲ ಅಕ್ಕಾ. ಸತ್ತವನು ಹೇಗೆ..." ಎಂದು ಶುರು ಮಾಡಿ ನಿಲ್ಲಿಸಿದ.

ನಾನು ಪರ್ಸಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ಒಂದು ಮೂಲೆಗೆ ಅಂಟು ಹತ್ತಿ ಒಣಗಿತ್ತು. ನನ್ನ ಗಂಡ ಮುಟ್ಟಿದ್ದಕ್ಕೆಲ್ಲ ಆ ಅಂಟು ಇರುತ್ತಿತ್ತು. ಮೇಡಂ ಕಾರ್ಡು ನೋಡಿದರು. ನನ್ನನ್ನು ನೋಡಲಿಲ್ಲ. ಕೊನೆಯ ಸಾಲನ್ನು ಒತ್ತಿದರು. ಸ್ಕ್ರೀನು ಮತ್ತೊಮ್ಮೆ ಕೇಳಿತು, ಖಂಡಿತವೇ ಎಂದು.

"ನೀವು ಒತ್ತುತೀರಾ?" ಎಂದರು ಮೆಲ್ಲಗೆ.

ಒತ್ತಿದೆ.

ಪುಕ್ಕಟೆ ಕಾರ್ಡನ್ನು ಮೇಜಿನಿಂದ ಎತ್ತಿ ಅಂಗಿಗೆ ಒರೆಸಿ ನನ್ನ ಕೈಗೆ ಕೊಟ್ಟ. "ಗಾಳ ಯಾಕೆ ತಗೊಂಡಿದ್ರು ಅಕ್ಕಾ?" ಎಂದ. "ಮೀನು ಹಿಡೀತಿದ್ರಾ?"

"ಇಲ್ಲ. ಮೋರಿಗೆ ಬಿದ್ದ ಬೀಗದಕೈ ತೆಗೆಯೋಕೆ. ಯಾರದೋ."

"ಸಿಕ್ತಾ?"

"ಸಿಕ್ತು."

ಅವನು ತಲೆಯಾಡಿಸಿದ. ತುಂಬ ಹೊತ್ತು ಆಡಿಸುತ್ತಲೇ ಇದ್ದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಫೋನು ಮಡಿಲಲ್ಲಿತ್ತು. ಏನೂ ಬಂದಿರಲಿಲ್ಲ. ಬೀರುವಿನಲ್ಲಿದ್ದುದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದರು.

"ಹೆರಿಗೆ ಆಸ್ಪತ್ರೆ ಹತ್ತಿರ ಕೊಟ್ಟುಬಂದ್ರೆ ಯಾರಾದ್ರೂ ಇಟ್ಕೋತಾರೆ" ಎಂದರು. "ಪುಡಿ ಹಾಳಾಗತ್ತೆ ಇಲ್ಲಿದ್ರೆ."

"ನಾಳೆ ಕೊಡ್ತೀನಿ."

"ನಾನೇ ಕೊಡ್ತೀನಿ" ಎಂದರು.

ಸ್ಕ್ರೂಗಳ ಪೊಟ್ಟಣ ತೆಗೆದೆ. ಏಣಿಯನ್ನು ಕಿಟಕಿಯ ಹತ್ತಿರ ತಂದು ಅಗಲಿಸಿ ನಿಲ್ಲಿಸಿದೆ. ಹತ್ತಿದೆ. ಗೋಡೆಯಲ್ಲಿ ಅವನು ಪೆನ್ಸಿಲಿನಲ್ಲಿ ಹಾಕಿದ ಎರಡು ಗುರುತುಗಳಿದ್ದವು. ಒಂದರ ಮೇಲೊಂದು. ಯಾವುದು ಸರಿಯೋ ತಿಳಿಯಲಿಲ್ಲ. ಸರಳನ್ನು ಎತ್ತಿ ಹಿಡಿದು ಎರಡಕ್ಕೂ ಇಟ್ಟು ನೋಡಿದೆ. ತೋಳು ನೋಯುವವರೆಗೆ ಹಿಡಿದಿದ್ದೆ. ಆಮೇಲೆ ಮೆಲ್ಲಗೆ ಬಿಟ್ಟೆ. ಅದು ಮೊದಲಿನಂತೆ ಜೋತುಬಿತ್ತು. ಕೆಳಗಿಳಿದೆ.

ಅತ್ತೆ ಏನೂ ಕೇಳಲಿಲ್ಲ. ಎದ್ದು ಬಂದು ಬಾಗಿಲು ಅಗಲವಾಗಿ ತೆರೆದು ಹಿಡಿದರು.

ಏಣಿ ಭಾರವಿತ್ತು. ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ತಾಗಿ ಸುಣ್ಣ ಉದುರಿತು. ಕೆಳಗೆ ಎಲೆಕ್ಟ್ರಿಷಿಯನ್ ಮನೆಯ ಮುಂದೆಯೇ ಕೂತು ಒಂದು ಫ್ಯಾನು ಬಿಚ್ಚುತ್ತಿದ್ದ. ನಮ್ಮ ಅತ್ತೆಗಿಂತ ಸ್ವಲ್ಪ ಚಿಕ್ಕವನಿರಬೇಕು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದ.

"ನೀವ್ಯಾಕಮ್ಮಾ ಹೊತ್ತು ತಂದ್ರಿ? ಒಂದು ಕೂಗು ಹಾಕಿದ್ರೆ ನಾನೇ ಬರ್ತಿದ್ದೆ."

"ತಡ ಆಯ್ತು, ಅಣ್ಣಾ."

"ಏನು ತಡ. ನನಗೆ ಸ್ಟೂಲು ಅಭ್ಯಾಸ ಆಗಿದೆ. ಬಿದ್ದರೆ ನೆಲ ಹತ್ತಿರ." ಹೇಳಿದ ಮೇಲೆ ಹಾಗೆ ಹೇಳಬಾರದಿತ್ತು ಎನ್ನಿಸಿತೋ ಏನೋ, ಕೈಯನ್ನು ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ, "ಕೆಲಸ ಮುಗೀತಾ?" ಎಂದ.

"ಇಲ್ಲ. ಅರ್ಧ ಆಗಿದೆ."

"ಹಾಗಾದ್ರೆ ಇಟ್ಕೊಳ್ಳಿ. ಇಲ್ಲಾ ನಾನೇ ಬಂದು ಹಾಕ್ತೀನಿ, ಎರಡು ಸ್ಕ್ರೂ ತಾನೆ."

"ಬೇಡ. ಇದು ನಿಮ್ಮದು, ತಗೊಳ್ಳಿ" ಎಂದೆ.

ಅವನು ಏಣಿಯನ್ನು ತೆಗೆದುಕೊಂಡು ಅಂಗಳದ ಕಲ್ಲಿನ ಮೇಲೆ ಅಗಲಿಸಿ ನಿಲ್ಲಿಸಿದ. ಅಭ್ಯಾಸಬಲದಿಂದಲೋ ಏನೋ, ಮೇಲಿನ ಮೆಟ್ಟಿಲು ಹಿಡಿದು ಒಮ್ಮೆ ಅಲುಗಿಸಿದ. ಅದು ಅಲುಗಲಿಲ್ಲ. ಇನ್ನೊಮ್ಮೆ ಅಲುಗಿಸಿ, ಬಗ್ಗಿ ನೋಡಿದ.

"ಇದು ಕುಂಟುತ್ತಿತ್ತು" ಎಂದ. "ಕೊಡುವಾಗಲೇ ಹೇಳಿದ್ದೆ ಅವರಿಗೆ, ಈ ಕಾಲು ಹುಷಾರು ಅಂತ."

ನಾನೂ ಬಗ್ಗಿ ನೋಡಿದೆ. ಮೂರು ಕಾಲಿಗೆ ಹಳೆಯ ಸವೆದ ರಬ್ಬರ್. ನಾಲ್ಕನೆಯದಕ್ಕೆ ಹೊಸದು, ದಪ್ಪ, ಕಂದು ಬಣ್ಣದ್ದು, ಊರುಗೋಲಿನದು. ಒಳಗಿನಿಂದ ಗಾಜ್ ಬಟ್ಟೆಯ ಅಂಚು ಒಂದು ಎಳೆಯಷ್ಟು ಹೊರಗೆ ಕಾಣುತ್ತಿತ್ತು. ಸಡಿಲವಾಗದಿರಲೆಂದು ಸುತ್ತಿ ಕೂರಿಸಿದ್ದ.

"ಯಾವಾಗ ಹಾಕಿದ್ರೋ" ಎಂದ ಎಲೆಕ್ಟ್ರಿಷಿಯನ್.

ನನಗೂ ಗೊತ್ತಿರಲಿಲ್ಲ. ಹಾಗೆಂದೆ. ಅವನು ಏಣಿಯನ್ನು ಮಡಚಿ, ಹೊಸ ರಬ್ಬರಿನ ಕಾಲು ನೆಲಕ್ಕೆ ಉಜ್ಜದಂತೆ ಮೇಲಕ್ಕೆತ್ತಿ ಹಿಡಿದು, ಒಳಗೆ ತೆಗೆದುಕೊಂಡು ಹೋದ.